ದೊ ನ್ವೆ ಯಿನ್ ಕೂತುಕೊಳ್ಳಲಿಲ್ಲ

ಥಾಯ್ ಗಡಿಯ ಮೇಸೋಟ್ ಸಂತೆಯಲ್ಲಿ ಹುದುಗಿಸಿದ ಚಹಾ ಎಲೆಯನ್ನು ಕಡಲೆಕಾಯಿ, ಬೆಳ್ಳುಳ್ಳಿ ಜೊತೆ ಕಲಸಿ ಮಾರುವ ದೊ ನ್ವೆ ಯಿನ್ ಬರ್ಮಾದ ಜೈಲಿನಲ್ಲಿ ವರ್ಷಗಟ್ಟಲೆ ಇದ್ದು ಬಂದವರು. ಯಾರಾದರೂ ಅಂಗಡಿಯ ಷಟರ್ ಎಳೆದರೆ ಸಾಕು, ಜೈಲಿನ ಬಾಗಿಲಿನ ಸದ್ದೇ ಕೇಳಿದಂತಾಗಿ ಬಟ್ಟಲನ್ನು ಗಿರಾಕಿಯ ಕೈಗೇ ಕೊಟ್ಟು ಓಡಿಬಿಡುತ್ತಿದ್ದರು. ಈಚೆಗೆ ನಿದ್ದೆಯೂ ಬಿಟ್ಟುಹೋಗಿತ್ತು. ತಂಗಿಯ ಮಗಳು ಅವರನ್ನು ನಮ್ಮ ಆಪ್ತಸಮಾಲೋಚನೆ ಕೇಂದ್ರಕ್ಕೆ ಎಳೆದುಕೊಂಡು ಬಂದಳು.

"ಒಂದು ಸಲ ಬರ್ತೀನಿ. ಹಿಡಿಸ್ಲಿಲ್ಲ ಅಂದ್ರೆ ಮತ್ತೆ ಕರೀಬಾರ್ದು" ಎಂದು ಷರತ್ತು.

ಕೇಂದ್ರದಲ್ಲಿ ಇದ್ದವನು ನಾನು. ನಾನೂ ಬರ್ಮಾದ ಜೈಲು ಕಂಡವನೇ. ಆಮೇಲೆ ತರಬೇತಿ ಪಡೆದು, ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿ, ಜನರಿಂದ 'ಸಯಾ', ಅಂದರೆ ಮೇಷ್ಟ್ರು, ಅನ್ನಿಸಿಕೊಂಡೆ. ಅವತ್ತು ಉಸಿರಾಟದ ಅಭ್ಯಾಸ. ಬಂದವರೆಲ್ಲ ಹಳೆಯ ಕೈದಿಗಳು.

"ಚಕ್ಕಳಮಕ್ಕಳ ಹಾಕಿ. ಬೆನ್ನು ನೆಟ್ಟಗೆ. ಕೈ ಮಂಡಿ ಮೇಲೆ. ತಲೆ ತಗ್ಗಿಸಿ" ಎಂದೆ, ಜೇನಿನಂಥ ದನಿಯಲ್ಲಿ.

ಎಲ್ಲರೂ ಒಂದೇ ಏಟಿಗೆ ಕೂತರು. "ಆಹಾ, ಎಷ್ಟು ಚೆನ್ನಾಗಿ ಕೂತ್ರಿ!" ಎಂದು ಹೊಗಳಿಯೂ ಬಿಟ್ಟೆ.

ದೊ ನ್ವೆ ಯಿನ್ ಮಾತ್ರ ನಿಂತೇ ಇದ್ದರು.

"ಕೂತ್ಕೊಳ್ಳಿ ಅಕ್ಕಾ."

"ಸಯಾ, ಜೈಲರ್ ತಪಾಸಣೆಗೆ ಬಂದಾಗ ನಿಮ್ಮನ್ನ ಹ್ಯಾಗೆ ಕೂರಿಸ್ತಿದ್ರು?"

ಹೀಗೆಯೇ. ಚಕ್ಕಳಮಕ್ಕಳ. ಬೆನ್ನು ನೆಟ್ಟಗೆ. ಕೈ ಮಂಡಿ ಮೇಲೆ. ತಲೆ ತಗ್ಗಿಸಿ. ನನ್ನ ಮೈಗೂ ಅದು ಎಷ್ಟು ರೂಢಿಯಾಗಿತ್ತೆಂದರೆ ತರಬೇತಿಯಲ್ಲಿ ಕಲಿಸಿದಾಗ ಅನುಮಾನವೇ ಬಂದಿರಲಿಲ್ಲ. ಅಲ್ಲಿ ಚೆನ್ನಾಗಿ ಕೂತದ್ದಕ್ಕೆ ನನಗೂ ಹೊಗಳಿಕೆ ಸಿಕ್ಕಿತ್ತು.

"ಹಾಗೆ ಕೂರಲ್ಲ ಅಂದಿದ್ದಕ್ಕೆ ಈ ಮಂಡಿ ಮುರಿದ್ರು. ಕತ್ತಲೆ ಕೋಣೆಗೆ ಹಾಕಿದ್ರು. ಆಗ್ಲೇ ಕೂರ್ಲಿಲ್ಲ. ಈಗ ನಿಮಗೋಸ್ಕರ ಕೂರ್ತೀನಾ?"

ಅವರು ಬಾಗಿಲಿಗೆ ಹೋಗಿ ಚಪ್ಪಲಿ ಮೆಟ್ಟತೊಡಗಿದರು. ಹೋದರೆ ಮತ್ತೆ ಬರುವವರಲ್ಲ.

"ಎಲ್ಲರೂ ಎದ್ದೇಳಿ, ಬೇರೆ ಥರ ಕೂರೋಣ" ಎಂದೆ ತಡಬಡಿಸುತ್ತಾ. ಯಾರೂ ಅಲುಗಲಿಲ್ಲ. ಉ ಸೋ ಪೈಂಗ್ ಎಂಬ ಹಿರಿಯರು ತಲೆ ಎತ್ತದೆಯೇ, "ಕೈ ತೆಗೀಬಹುದಾ, ಸಯಾ?" ಎಂದರು.

ಅಪ್ಪಣೆ ಬೇಡುವ ಆ ದನಿ ಕೇಳಿದ್ದೇ ದೊ ನ್ವೆ ಯಿನ್ ಚಪ್ಪಲಿ ಒದ್ದು ಒಳಗೆ ಬಂದರು.

"ಇವನ್ಯಾರಣ್ಣ ನಿಂಗೆ ಅಪ್ಪಣೆ ಕೊಡೋಕೆ? ಈ ಸಣಕಲನ್ನ ಕಂಡ್ರೂ ಹೆದರ್ಬೇಕಾ? ಚಾಚು ಕಾಲು!"

ಉ ಸೋ ಪೈಂಗ್ ಒಂದು ಕಾಲು ಚಾಚಿದರು. ನನ್ನನ್ನು ನೋಡಿದರು. ಆಕಾಶವೇನೂ ಬೀಳಲಿಲ್ಲ. ಇನ್ನೊಂದನ್ನೂ ಚಾಚಿದರು, ನೇರ ನನ್ನ ಮುಖಕ್ಕೆ. ನಮ್ಮಲ್ಲಿ ಮೇಷ್ಟ್ರಿಗೆ ಅಂಗಾಲು ತೋರಿಸುವುದಕ್ಕಿಂತ ದೊಡ್ಡ ಮರ್ಯಾದೆಗೇಡು ಇಲ್ಲ. ಒಬ್ಬರನ್ನು ನೋಡಿ ಒಬ್ಬರು, ಎಲ್ಲರೂ ಚಾಚಿದರು. ಅಷ್ಟೊಂದು ಅಂಗಾಲುಗಳ ಮುಂದೆ ನಾನೊಬ್ಬನೇ ಚಕ್ಕಳಮಕ್ಕಳ. ಯಾರೋ ಕಿಸಕ್ಕೆಂದರು, ಆಮೇಲೆ ನಗು ತಡೆಯಲು ಯಾರಿಗೂ ಆಗಲಿಲ್ಲ.

"ಹಾಂ, ಈಗ ಎಳೀರಿ ಉಸಿರು" ಎಂದರು ದೊ ನ್ವೆ ಯಿನ್. ತಾವು ಕಿಟಕಿಗೆ ಒರಗಿ, ಗದ್ದ ಮೇಲೆತ್ತಿ, ನಿಂತೇ ಎಳೆದುಕೊಂಡರು.

ಹೊರಡುವಾಗ ಮೆಲ್ಲಗೆ ಕೇಳಿದೆ, "ಮುಂದಿನ ವಾರ ಬರ್ತೀರಾ ಅಕ್ಕಾ?"

"ಬರ್ದೇ ಇರ್ತೀನಾ? ಇವರನ್ನೆಲ್ಲ ನಿಮ್ಮ ಕೈಲಿ ಬಿಟ್ಟುಹೋಗೋದಾ?"