ಅಲಮಾರಿಯೊಳಗಿನ ಪಾಠ

ಯಂತ್ರ ಬಂದು ಮಕ್ಕಳ ಓದು ಕೆಡಿಸಿತು ಎಂದು ಗೊಣಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಯಂತ್ರ ಬಂದರೆ ಸಾಕು, ಮಕ್ಕಳು ತಾವಾಗಿಯೇ ಜಾಣರಾಗುತ್ತಾರೆ ಎನ್ನುವವರನ್ನು ಕಂಡರೂ ಅಷ್ಟೇ ಸಿಟ್ಟು. ಇಬ್ಬರನ್ನೂ ನಮ್ಮ ಶಾಲೆಯ ರೇಡಿಯೊ ಮುಂದೆ ಕೂರಿಸಬೇಕಿತ್ತು.

ಶಹಾಬಾದಿನ ಹತ್ತಿರ, ಕಲ್ಲಿನ ಗಣಿಗಳ ನಡುವಿನ ಊರು ಅದು. ಶಾಲೆಯ ಗೋಡೆ, ನೆಲ, ಮಾಡು ಎಲ್ಲವೂ ಪರಸಿ ಕಲ್ಲಿನ ಚಪ್ಪಡಿಯವೇ. ನಾನಲ್ಲಿ ನಾಲ್ಕನೆಯ ತರಗತಿಗೆ ಪಾಠ ಹೇಳುತ್ತಿದ್ದೆ. ನೌಕರಿಗೆ ಸೇರಿ ಇನ್ನೂ ವರ್ಷವಾಗಿರಲಿಲ್ಲ. ನಾನು ಬರುವ ಮೊದಲೇ ಸರ್ಕಾರ ಶಾಲೆಗೊಂದು ಬ್ಯಾಟರಿ ರೇಡಿಯೊ ಕೊಟ್ಟಿತ್ತು. ಮಂಗಳವಾರ ಮಧ್ಯಾಹ್ನ ಅರ್ಧ ತಾಸು ಅದರಲ್ಲಿ ಮಕ್ಕಳ ಪಾಠ ಬರುತ್ತಿತ್ತಂತೆ. ಕೇಳಿದವರು ಯಾರೂ ಇರಲಿಲ್ಲ. ಹೆಡ್ ಮಾಸ್ತರರು ಅದಕ್ಕೆ ಮಖಮಲ್ಲಿನ ಗೌಸು ಹೊಲಿಸಿ, ಅಲಮಾರಿಯಲ್ಲಿಟ್ಟು ಬೀಗ ಹಾಕಿದ್ದರು. ಪಾಠ ಕೇಳಿಸಿದ ರಿಜಿಸ್ಟರ್ ಮಾತ್ರ ವಾರವಾರವೂ ತುಂಬುತ್ತಿತ್ತು.

"ಸಹಿ ಹಾಕ್ರಿ ಅಕ್ಕೋರ," ಎನ್ನುತ್ತಿದ್ದರು. "ಅದು ಖರಾಬ್ ಆದ್ರ ಮ್ಯಾಲಿನವರಿಗಿ ಜವಾಬ್ ಯಾರು ಕೊಡ್ತಾರ?"

ನಾನೂ ಹಾಕಿದೆ. ದಸರೆಯವರೆಗೂ ಹಾಕಿದೆ. ಹೊಸ ನೌಕರಿ, ಬಾಯಿ ಸತ್ತವಳಾಗಿದ್ದೆ.

ಆಯುಧಗಳಿಗೆ ಪೂಜೆ ಸಲ್ಲುವ ಖಂಡೇಪೂಜೆಯ ದಿನ ರೇಡಿಯೊ ಹೊರಗೆ ಬಂತು. ಮೇಜಿನ ಮೇಲಿಟ್ಟು, ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆದರು. ಗಣಿಯಲ್ಲಿ ಕಲ್ಲು ಸೀಳುವವನೊಬ್ಬ ಮಗಳನ್ನು ಕರೆದುಕೊಂಡು ನೋಡಲು ಬಂದಿದ್ದ. ಅವಳು ನನ್ನ ತರಗತಿಯವಳೇ. ಅವನು ಬೆಳಿಗ್ಗೆ ಮನೆಯಲ್ಲಿ ತನ್ನ ಉಳಿ, ಸುತ್ತಿಗೆಗಳನ್ನು ಪೂಜಿಸಿ ಬಂದಿದ್ದ, ಕೈಯಲ್ಲಿನ್ನೂ ಅರಿಶಿನವಿತ್ತು.

"ಇದು ಏನೇನ್ ಮಾತಾಡ್ತದ?" ಎಂದು ಮಗಳನ್ನು ಕೇಳಿದ.

"ಮಾತಾಡಂಗಿಲ್ಲಪ್ಪ. ದಸರಾಕ್ಕೊಮ್ಮಿ ಪೂಜಿ ಮಾಡ್ತಾರ."

ಅವನು ನನ್ನ ಕಡೆ ತಿರುಗಿದ. "ನಾವು ದುಡಿಯೋ ಸಾಮಾನಕ್ಕ ಪೂಜಿ ಮಾಡ್ತೀವ್ರಿ ಅಕ್ಕೋರ. ದುಡೀಲಾರದ್ದಕ್ಕ ಯಾಕ್ರಿ ಕಾಯಿ?"

ನನ್ನ ಸಹಿ ನೆನೆದು ನನಗೆ ನಾಚಿಕೆಯಾಯಿತು. ಮುಂದಿನ ಮಂಗಳವಾರ ಹೆಡ್ ಮಾಸ್ತರರನ್ನು ಬೀಗದ ಕೈ ಕೇಳಿದೆ. ಕೊಡಲಿಲ್ಲ. ಹಾಗಾದರೆ ಸುಳ್ಳು ಸಹಿಯನ್ನೂ ಹಾಕುವುದಿಲ್ಲ ಎಂದೆ.

"ಭಾಳ ಹಾರಾಡ್ಲಿಕತ್ತೀರಿ. ವರ್ಗಾ ಮಾಡಿಸಿ ಚಿಂಚೋಳಿ ಅಡವ್ಯಾಗ ಒಗಸ್ತೀನಿ ನೋಡ್ರಿ."

"ಒಗಸ್ರಿ. ಅಲ್ಲೂ ಹುಡುಗರು ಇರ್ತಾವ."

ನನ್ನ ಮಕ್ಕಳನ್ನೆಲ್ಲ ಅವರ ಕೋಣೆಗೆ ಕರೆತಂದು ಅಲಮಾರಿಯ ಎದುರು ಸಾಲಾಗಿ ಕೂರಿಸಿದೆ. ಅರ್ಧ ತಾಸು ಒಬ್ಬರೂ ತುಟಿಪಿಟಕ್ಕೆನ್ನಲಿಲ್ಲ. ರಿಜಿಸ್ಟರಿನಲ್ಲಿ ಬರೆದೆ: 'ಇಂದಿನ ಪಾಠ, ಬೀಗ. ಮಕ್ಕಳು ಶಾಂತವಾಗಿ ನೋಡಿದರು.' ಕೆಳಗೆ ದಪ್ಪ ಅಕ್ಷರದಲ್ಲಿ ಸಹಿ ಮಾಡಿದೆ. ಎರಡನೆಯ ವಾರವೂ ಅದೇ ಪಾಠ. ಅಷ್ಟರಲ್ಲಿ ಸುದ್ದಿ ಗಣಿ ಮುಟ್ಟಿತ್ತು. ಮೂರನೆಯ ವಾರ, ಗಣಿಗೆ ಬುತ್ತಿ ಕೊಟ್ಟು ಮರಳುತ್ತಿದ್ದ ಮಕ್ಕಳ ಅವ್ವಂದಿರು ಕಿಟಕಿಯಲ್ಲಿ ನಿಂತು, ಮಾಸ್ತರರನ್ನೊಮ್ಮೆ ಅಲಮಾರಿಯನ್ನೊಮ್ಮೆ ನೋಡತೊಡಗಿದರು. ಹೆಡ್ ಮಾಸ್ತರರು ಬೆವರಿದರು. ಬೀಗ ತೆಗೆದರು.

ರೇಡಿಯೊ ಮಾತಾಡಿತು. ಮಳೆ ಹೇಗೆ ಬರುತ್ತದೆ ಎಂಬ ಪಾಠ. ಬೆಂಗಳೂರು ಕಡೆಯ ಕನ್ನಡ, ಬಲು ಬಿರುಸು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು, ಅರ್ಧ ತಿಳಿಯಲಿಲ್ಲ. ಕಲ್ಲು ಸೀಳುವವನ ಮಗಳು ಎದ್ದು ನಿಂತು ರೇಡಿಯೊಗೇ ಹೇಳಿದಳು: "ತಿಳೀಲಿಲ್ರಿ, ಮತ್ತೊಮ್ಮಿ ಹೇಳ್ರಿ." ಅದು ತನ್ನ ಪಾಡಿಗೆ ತಾನು ಓಡುತ್ತಲೇ ಇತ್ತು. ನಾನು ಅದರ ಕಿವಿ ಹಿಂಡಿ ಸುಮ್ಮನಾಗಿಸಿದೆ, ಕೇಳಿದಷ್ಟನ್ನು ನಮ್ಮ ಮಾತಿನಲ್ಲಿ ಬಿಡಿಸಿ ಹೇಳಿದೆ, ಮತ್ತೆ ಹಚ್ಚಿದೆ. ನಡುವೆ ತಪ್ಪಿದ್ದು ತಪ್ಪಿತು, ನನಗೇನೂ ಅನಿಸಲಿಲ್ಲ.

"ತಿಳೀದಿದ್ರ ಅದನ್ನ ಬಂದ್ ಮಾಡ್ರಿ," ಎಂದು ಮಕ್ಕಳಿಗೆ ಹೇಳಿಕೊಟ್ಟೆ. "ಮಾಸ್ತರಿಗಿ ಕೇಳ್ರಿ. ಅದಕ್ಕೂ ಅಂಜಬ್ಯಾಡ್ರಿ, ಮಾಸ್ತರಿಗೂ ಅಂಜಬ್ಯಾಡ್ರಿ."

ಎರಡು ತಿಂಗಳಲ್ಲಿ ವರ್ಗಾವಣೆಯ ಆರ್ಡರು ಬಂತು. ಚಿಂಚೋಳಿ ತಾಲೂಕೇ. ಹೆಡ್ ಮಾಸ್ತರರು ಆಡಿದ ಮಾತಿಗೆ ತಪ್ಪುವವರಲ್ಲ.

ನಾನು ಊರು ಬಿಟ್ಟ ದಿನ ಮಂಗಳವಾರ. ಹೊಸಬರು ಬರುವ ತನಕ ನಾಲ್ಕನೆಯ ತರಗತಿ ಹೆಡ್ ಮಾಸ್ತರರ ಪಾಲಿಗೆ ಬಿದ್ದಿತ್ತು. ಟ್ರಂಕು ಹಿಡಿದು ಶಾಲೆಯ ಮುಂದಿನಿಂದ ಬಸ್ಸಿಗೆ ಹೊರಟಿದ್ದೆ. ಒಳಗೆ ರೇಡಿಯೊ ಏನೋ ಹೇಳುತ್ತಿತ್ತು. ನಾನಿಲ್ಲದೆ ಮಕ್ಕಳು ಸುಮ್ಮನೆ ತಲೆಯಾಡಿಸುತ್ತ ಕೂತಿರಬೇಕು ಎಂದುಕೊಂಡೆ. ತಟ್ಟನೆ ರೇಡಿಯೊ ನಿಂತಿತು.

"ಬಂದ್ ಮಾಡೀನ್ರಿ ಸರ," ಎಂದು ಆ ಹುಡುಗಿಯ ದನಿ ಕೇಳಿಸಿತು. "ನಮಗ ತಿಳೀಲಿಲ್ಲ. ನೀವು ಹೇಳ್ರಿ."

ಆಮೇಲೆ ಹೆಡ್ ಮಾಸ್ತರರು ಕೆಮ್ಮಿ ಗಂಟಲು ಸರಿಮಾಡಿಕೊಂಡು, ಚಾಕ್ ಎಲ್ಲಿದೆ ಎಂದು ಕೇಳಿದರು.