ಷೋಕೇಸಿಗೆ ಏರಿದ ಗೌಡರು

ಮೊನ್ನೆ ಸೊಸೆ ಅಡುಗೆಮನೆಯಲ್ಲಿ ವಿನೆಗರ್ ಬಾಟಲಿ ಚೆಲ್ಲಿದಳು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಮೊಳಕಾಲ್ಮುರಿನಲ್ಲಿ ನನ್ನ ಟೈಲರ್ ಅಂಗಡಿಯ ಪಕ್ಕದಲ್ಲಿದ್ದ ಸ್ಟುಡಿಯೋದ ಕತ್ತಲೆ ಕೋಣೆ ನೆನಪಾಯಿತು. ತೊಂಬತ್ತರ ದಶಕದ ಮಾತು, ಇಂಥದೇ ಹುಳಿ ವಾಸನೆಯ ದ್ರಾವಣದಲ್ಲಿ ರೀಲು ತೊಳೆಯುವ ಕಾಲ...

ಸ್ಟುಡಿಯೋ ಇಟ್ಟಿದ್ದವನನ್ನು ನಾನು ಅಣ್ಣ ಎನ್ನುತ್ತಿದ್ದೆ. ಅವನಿಗೆ ಮದುವೆ ಫೋಟೋ ಹೊಟ್ಟೆಪಾಡು, ಕರಡಿ ಹುಚ್ಚು. ಗುಡ್ಡದ ಜಾಡಿಗೆ ಅಡ್ಡ ದಾರ ಕಟ್ಟಿ, ಅದರ ತುದಿಯನ್ನು ಕಲ್ಲುಸಂದಿಯಲ್ಲಿ ಬಚ್ಚಿಟ್ಟ ಹಳೇ ಕ್ಯಾಮೆರಾಕ್ಕೆ ಜೋಡಿಸಿ ಬರುತ್ತಿದ್ದ. ದಾರ ಎಳೆದರೆ ಫೋಟೋ. ಎಷ್ಟೋ ರೀಲು ಮೇಕೆಗಳ ಪಾಲಾದವು. ಕೊನೆಗೊಂದು ಸಂಜೆ, ಮರಿಯನ್ನು ಬೆನ್ನ ಮೇಲೆ ಹೊತ್ತ ತಾಯಿ ಕರಡಿ ಸಿಕ್ಕಿತು. ಒದ್ದೆ ಫೋಟೋ ಹಿಡಿದುಕೊಂಡೇ ನನ್ನ ಅಂಗಡಿಗೆ ಓಡಿ ಬಂದ.

"ನೋಡೋ, ಬಾಣಂತಿ ಹೆಂಗ್ ನಡೀತಾಳೆ!"

ತಿಂಗಳೊಪ್ಪತ್ತಿನಲ್ಲಿ ಆ ಬಾಣಂತಿ ತಂತಿ ಉರುಳಿಗೆ ಸಿಕ್ಕಿ ಸತ್ತಳು. ಮರಿ ಸಿಗಲೇ ಇಲ್ಲ. ಅಣ್ಣ ಕ್ಯಾಮೆರಾ ತಂದು ರೀಲು ತೊಳೆದ. ಕೊನೆಯ ಫೋಟೋದಲ್ಲಿ, ಅದೇ ಜಾಡಿನಲ್ಲಿ ಕುಕ್ಕರಗಾಲಲ್ಲಿ ಕೂತು ಉರುಳು ಬಿಗಿಯುತ್ತಿದ್ದವರು ಊರ ಗೌಡರು. ಮಂಡಿನೋವಿಗೆ ಕರಡಿ ಕೊಬ್ಬು ಹಚ್ಚಬೇಕೆಂದು ಯಾರೋ ಹೇಳಿದ್ದರಂತೆ. ತೋರಿಸಬೇಕಾದ ಫಾರೆಸ್ಟಿನವರಿಗೆ ಫೋಟೋ ತೋರಿಸಿದ್ದಾಯಿತು. ಅವರು ಗೌಡರ ಮನೆಯಲ್ಲಿ ಹೋಳಿಗೆ ಉಂಡು ಹೋದರು.

ಆಗೆಲ್ಲ ಮದುವೆ ಫೋಟೋ ಸ್ಟುಡಿಯೋ ಷೋಕೇಸಿಗೆ ಏರುವುದೇ ಒಂದು ಮರ್ಯಾದೆ. ಅಣ್ಣ ವಧೂವರರನ್ನೆಲ್ಲ ಪಕ್ಕಕ್ಕೆ ಸರಿಸಿ, ಗೌಡರನ್ನು ದೊಡ್ಡದು ಮಾಡಿ, ಚೌಕಟ್ಟು ಹಾಕಿಸಿ ನಟ್ಟನಡುವೆ ಕೂರಿಸಿದ. ಸಂತೆಗೆ ಬಂದವರೆಲ್ಲ ನಿಂತು ನೋಡಿದರು. ನನಗಂತೂ ಹಾಲು ಕುಡಿದಷ್ಟು ಸಂತೋಷ.

ಗೌಡರೇ ಬಂದರು. "ಲೇ, ತೆಗಿಯೋ ಅದನ್ನ."

"ಯಾಕ್ರಿ ಗೌಡ್ರೆ, ಮುಖ ಚೆನ್ನಾಗೇ ಬಂದೈತಲ್ಲ?"

"ಇನ್ನೊಂದು ಮದುವೆ ಸಿಗಲ್ಲ ನಿಂಗೆ ಈ ಊರಾಗೆ."

"ಬ್ಯಾಡ ಬಿಡ್ರಿ."

ಹಾಗೇ ಆಯಿತು, ಲಗ್ನದ ಕಾಲದಲ್ಲಿ ಒಬ್ಬರೂ ಕರೆಯಲಿಲ್ಲ. ಷೋಕೇಸಿಗೆ ಕಲ್ಲು ಬಿತ್ತು. ಹೊಸ ಗಾಜು ಹಾಕಿಸಿದ, ಗೌಡರ ಫೋಟೋ ಮಾತ್ರ ಇಳಿಸಲಿಲ್ಲ. ಸಾಕು ಬಿಡಣ್ಣ ಎಂದು ನಾನೂ ಹೇಳಿದೆ.

"ಆ ಬಾಣಂತಿ ಕಡೆ ಯಾರವ್ರೆ ಕಣೋ, ನನ್ ಬಿಟ್ರೆ?" ಎಂದ.

ವರ್ಷದೊಳಗೆ ಬಾಗಿಲು ಹಾಕಿಕೊಂಡು ಬಳ್ಳಾರಿ ಕಡೆ ಹೋದ. ಯಾರದೋ ಸ್ಟುಡಿಯೋದಲ್ಲಿ ಕೂಲಿಗೆ ದುಡಿಯುತ್ತಾ ಅಲ್ಲೇ ತೀರಿಕೊಂಡನೆಂದು ತಡವಾಗಿ ತಿಳಿಯಿತು...

ಗೌಡರು ತುಂಬು ಆಯುಸ್ಸು ಬದುಕಿ, ಕಳೆದ ತಿಂಗಳು ಸತ್ತರು. ಬಸ್ ಸ್ಟ್ಯಾಂಡಿನಲ್ಲಿ ಅವರ ಫ್ಲೆಕ್ಸು, ಸುತ್ತ ಹೂವು, ಕೆಳಗೆ ಭಾವಪೂರ್ಣ ಶ್ರದ್ಧಾಂಜಲಿ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಯಾರು ಮಾಡಿದ ಕಾನೂನೋ!

ಚಳ್ಳಕೆರೆ ಬಸ್ಸಿಗೆ ಕಾಯುತ್ತಿದ್ದವರೊಬ್ಬರು ಅದನ್ನು ನೋಡಿ, "ದೊಡ್ಡ ಮನುಷ್ಯರೇನ್ರಿ?" ಎಂದು ಕೇಳಿದರು.

"ಬಾಣಂತಿ ಕರಡಿಗೆ ಉರುಳು ಹಾಕಿ ಕೊಂದೋರು" ಎಂದೆ, ಸುತ್ತ ನಿಂತವರಿಗೆಲ್ಲ ಕೇಳುವಂತೆ.

ಕೇಳಿಸಿಕೊಳ್ಳಬೇಕಾದ ಅಣ್ಣ ಮಾತ್ರ ಇರಲಿಲ್ಲ.