ಓಡಾಡುವ ಬೆಳ್ಳಿ

ಗಂಜಾಂನ ಬೆಳ್ಳಿ ಕೆಲಸದ ಕಾಳಪ್ಪನ ಮಗಳು ರಮ್ಯಶ್ರೀ ದಿನಾ ಬಸ್ಸು ಹತ್ತಿ ಮೈಸೂರಿನ ಯೂನಿವರ್ಸಿಟಿಗೆ ಹೋಗಿ ಏನು ಸಂಶೋಧನೆ ಮಾಡುತ್ತಾಳೆಂದು ಬೀದಿಯವರಿಗೆ ಸರಿಯಾಗಿ ಗೊತ್ತಿರಲಿಲ್ಲ. ಕೇಳಿದರೆ ಅವಳು ಬೇಸರಿಸದೆ ಹೇಳುತ್ತಿದ್ದಳು. ಕೆಲವು ಗಟ್ಟಿ ವಸ್ತುಗಳಿವೆ. ಬಿಸಿಯೇರಿದರೆ ಅವುಗಳೊಳಗಿನ ಬೆಳ್ಳಿಯ ಅಯಾನುಗಳು, ಅಂದರೆ ವಿದ್ಯುತ್ತು ಹೊತ್ತ ಕಣಗಳು, ಜಾಗ ಬಿಟ್ಟು ಜೋರಾಗಿ ಓಡಾಡುತ್ತವೆ, ಮಿಕ್ಕವು ಇದ್ದಲ್ಲೇ ಇರುತ್ತವೆ. ಆಗ ಆ ವಸ್ತುವಿನ ಸ್ಥಿತಿಸ್ಥಾಪಕತೆ ಏನಾಗುತ್ತದೆ, ಎಳೆದರೆ ಎಷ್ಟು ಹಿಗ್ಗುತ್ತದೆ ಎಂದು ಕಂಪ್ಯೂಟರಿನೊಳಗೆ ಅಂಥದೇ ತುಣುಕು ಕಟ್ಟಿ ನೋಡುವುದು ಅವಳ ಕೆಲಸ. ಕೇಳಿದವರು ಹೂಂಗುಟ್ಟಿ, ಮದುವೆ ಯಾವಾಗ ಎನ್ನುತ್ತಿದ್ದರು. ಪಾಪ, ಅವರಿಗೆ ಬೇಕಾದದ್ದು ಅದೊಂದೇ.

ಪ್ರಯೋಗಾಲಯದಲ್ಲಿ ನಿಜವಾದ ವಸ್ತುವನ್ನು ಅಳೆದವರು, ಬಿಸಿಯಾದರೆ ಅದು ಮೆತ್ತಗಾಗುತ್ತದೆ ಎಂದಿದ್ದರು. ರಮ್ಯಶ್ರೀಯ ತುಣುಕು ಮಾತ್ರ ಜಪ್ಪಯ್ಯ ಎಂದರೂ ಬಗ್ಗಲಿಲ್ಲ. ಎರಡು ವರ್ಷ ತಲೆ ಕೆಡಿಸಿಕೊಂಡಳು. ಕೊನೆಗೆ ಅವಳ ಗೈಡು ಶಿವಶಂಕರ್, ಮುಂದಿನ ವಾರವೂ ಹೀಗೇ ಆದರೆ ಈ ವಿಷಯ ಬಿಟ್ಟು ಬೇರೆ ತಗೋ ಎಂದುಬಿಟ್ಟರು. ಅವಳೇ ಹುಡುಕಿ, ಹಟ ಹಿಡಿದು ತೆಗೆದುಕೊಂಡ ವಿಷಯ ಅದು. ಬಿಡಲು ಅವಳಿಗೆ ಸುತರಾಂ ಮನಸ್ಸಿರಲಿಲ್ಲ.

ಭಾನುವಾರ ಅಪ್ಪ ಕೂತು ಕೆಲಸ ಮಾಡುವ ಜಾಗ ಗುಡಿಸಿದವಳು, ಯಾವುದೋ ಯೋಚನೆಯಲ್ಲಿ ಕಸವನ್ನು ಬಾಗಿಲಾಚೆ ತಳ್ಳಹೋದಳು. ಬೆಳ್ಳಿ ಕೆಲಸದವರ ಮನೆಯಲ್ಲಿ ಯಾರೂ ಹಾಗೆ ಮಾಡುವುದಿಲ್ಲ.

"ಎಲ್ಲವ್ವಾ ಗ್ಯಾನ? ಅದ್ರಲ್ಲಿ ಬೆಳ್ಳಿ ಪುಡಿ ಐತೆ. ಡಬ್ಬಕ್ಕೆ ಆಕು," ಎಂದ ಕಾಳಪ್ಪ, ಕೈಯಲ್ಲಿದ್ದ ಕಾಲ್ಗೆಜ್ಜೆಯಿಂದ ಕಣ್ಣು ತೆಗೆಯದೆ.

ಪೊರಕೆ ಹಿಡಿದವಳು ಹಾಗೇ ನಿಂತಳು. ಚದುರಿದ ಬೆಳ್ಳಿಯನ್ನು ಬಳಿದು ತಂದು ಜಾಗಕ್ಕೆ ಸೇರಿಸುವುದು ಅವಳಿಗೆ ಚಿಕ್ಕಂದಿನಿಂದ ಕೈಗೆ ಹತ್ತಿದ ಅಭ್ಯಾಸ. ಕಂಪ್ಯೂಟರಿನ ಪ್ರೋಗ್ರಾಮಿನಲ್ಲೂ ಅದನ್ನೇ ಮಾಡಿದ್ದು ಈಗ ಹೊಳೆಯಿತು. ದೂರ ಹೋದ ಅಯಾನು ಲೆಕ್ಕದ ತಪ್ಪಿರಬೇಕೆಂದು, ಅದನ್ನು ಹಿಡಿದು ಹಳೆಯ ಜಾಗದಲ್ಲೇ ಕೂರಿಸುವ ಒಂದು ಸಾಲನ್ನು ಶುರುವಿನಲ್ಲೇ ಬರೆದು ಮರೆತಿದ್ದಳು. ಓಡುವುದನ್ನು ನೋಡಹೊರಟು ಅದರ ಕಾಲನ್ನು ತಾನೇ ಕಟ್ಟಿದಂತಾಗಿತ್ತು. ತನ್ನ ಮೇಲೇ ಅವಳಿಗೆ ಸಿಟ್ಟು ಬಂತು.

ಸೋಮವಾರ ಬೆಳಿಗ್ಗೆ ಆ ಸಾಲು ಅಳಿಸಿ ಲೆಕ್ಕಕ್ಕೆ ಹಚ್ಚಿದಳು. ಮಧ್ಯಾಹ್ನದ ಹೊತ್ತಿಗೆ ಬೆಳ್ಳಿ ಓಡಾಡತೊಡಗಿತು, ತುಣುಕು ಮೆತ್ತಗಾಯಿತು. ಅಳಿಸಿದ ಸಾಲನ್ನೂ ಹೊಸ ಲೆಕ್ಕವನ್ನೂ ಶಿವಶಂಕರ್ ಎರಡೆರಡು ಸಲ ನೋಡಿದರು.

"ಆ ಸಾಲು ಬರೆದಿದ್ದು ಯಾರು?"

"ನಾನೇ ಸಾರ್."

"ಹಾಗಾದ್ರೆ ಇದುವರೆಗೆ ಮಾಡಿದ್ದೆಲ್ಲ ದಂಡ. ಮೊದಲಿಂದ ಮಾಡ್ಬೇಕು. ಮಾಡ್ತೀಯಾ, ಇಲ್ಲ ಬೇರೆ ವಿಷಯ ಕೊಡ್ಲಾ?"

"ಇದನ್ನೇ ಮಾಡ್ತೀನಿ ಸಾರ್."

ಸಂಜೆ ಮನೆಯಲ್ಲಿ ಎಲ್ಲವನ್ನೂ ಕೇಳಿಸಿಕೊಂಡ ಅವಳ ತಾಯಿ ನಿಂಗಮ್ಮ ಕಂಗಾಲಾದಳು.

"ಎರಡು ವರ್ಸದ್ದೂ ತಪ್ಪಾ?"

"ಎಲ್ಲಾ ತಪ್ಪು ಕಣವ್ವ."

"ಮತ್ಯಾಕೆ ನಗ್ತಾ ಇದ್ದೀಯೆ?"

"ಆ ವಿಸ್ಯ ಕಿತ್ಕೊಳ್ದೆ ಸಾರು ನನ್ನ ಕೈಗೇ ಬುಟ್ಟವ್ರೆ ಕಣವ್ವ," ಎಂದ ರಮ್ಯಶ್ರೀಗೆ, ಅಷ್ಟು ಹೇಳುವುದರೊಳಗೆ ಅಳು ಬಂತು.